1.6 ಮಿಲಿಮೀಟರಿನ ಷಡ್ಡಕರು

ನಮ್ಮ ಷಡ್ಡಕರಿಗೆ ಈಜು ಬರುವುದಿಲ್ಲ. ಕುಕ್ಕೆಗೆ ಹೋದಾಗ ಕುಮಾರಧಾರೆಯಲ್ಲಿ ಮೊಣಕಾಲುದ್ದ ನೀರಿಗಿಳಿಯುವ ಮೊದಲು ವಾಚು ಬಿಚ್ಚಿ ಹೆಂಡತಿಯ ಬ್ಯಾಗಿಗೆ ಸೇರಿಸಿದರು. 300 ಮೀಟರ್ ಆಳಕ್ಕೂ ಜಗ್ಗದ ಡೈವ್ ವಾಚು ಅದು! ಕೇಳಿದ್ದಕ್ಕೆ, "ಹೊಳೇಲಿ ಮರಳಿರುತ್ತೆ ಸ್ವಾಮಿ, ಬೆಜೆಲ್ ಸಂದಿಗೆ ಸೇರಿದ್ರೆ ತಿರುಗಲ್ಲ" ಎಂದರು.

ಇಂಥ ವಾಚಿನ ಹುಚ್ಚಿನವರು ಈಗ ಬೆಂಗಳೂರಲ್ಲಿ ಬಡಾವಣೆಗೊಬ್ಬರಂತೆ ಇದ್ದಾರೆ. ಮಾತಿಗೆ ಸಿಕ್ಕರೆ ಫಿಫ್ಟಿ ಫ್ಯಾದಮ್ಸ್ ಎಂಬ ಡೈವ್ ವಾಚು ಹುಟ್ಟಿದ 1953ನೇ ಇಸವಿಗೇ ಎಳೆದೊಯ್ಯುತ್ತಾರೆ. ಡೈವ್ ವಾಚಿನ ಬೆಜೆಲ್, ಅಂದರೆ ಗಾಜಿನ ಸುತ್ತಲ ಬಳೆ, ಒಂದೇ ಕಡೆ ತಿರುಗುತ್ತದೆ. ಅಕಸ್ಮಾತ್ ಕೈ ತಾಗಿದರೂ ಮುಳುಗುಗಾರನಿಗೆ ಇರುವ ಹೊತ್ತು ಕಡಿಮೆ ಕಾಣಬೇಕೇ ಹೊರತು ಹೆಚ್ಚಲ್ಲ. ಷಡ್ಡಕರ ಮಾತೂ ಒಂದೇ ಕಡೆ ತಿರುಗುವುದು, ಟೂಲಿನ ಕಡೆಗೆ.

ಮಗ ಕೊಡಿಸಿದ ವಾಚಿನ ಚೈನು ನನಗೆ ಸಡಿಲ. ಕೈ ಎತ್ತಿದರೆ ಮೊಣಕೈಗೆ ಜಾರುತ್ತಿತ್ತು. ಎರಡು ಕೊಂಡಿ ತೆಗೆಯೋಣವೆಂದು ಕನ್ನಡಕದ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದೆ. ಅಷ್ಟರಲ್ಲಿ ಕಾಫಿ ಹೊತ್ತಿಗೆ ಸರಿಯಾಗಿ ಷಡ್ಡಕರು ಬಂದರು.

"ಏನ್ ಸ್ವಾಮಿ, ಕೊಲೆ ಮಾಡ್ತಿದೀರಾ?"

ಪಾಠ ಶುರುವಾಯಿತು. ಸ್ಕ್ರೂ ತಲೆಯ ಸೀಳು 1.6 ಮಿಲಿಮೀಟರ್ ಇದ್ದರೆ ಬ್ಲೇಡೂ ಅಷ್ಟೇ ಅಗಲ ಇರಬೇಕು. ಕಿರಿದಾದರೆ ಬಲವೆಲ್ಲ ಒಂದೇ ಕಡೆ ಬಿದ್ದು ಸೀಳಿನ ಅಂಚು ಕಿತ್ತುಬರುತ್ತದೆ, ಅಗಲವಾದರೆ ಪಕ್ಕದ ಕೊಂಡಿಗೆ ಗೀರು. ದಪ್ಪವೂ ಹೊಂದಬೇಕು, ತುದಿ ಬೆಣೆಯ ಹಾಗಿದ್ದರೆ ತಳ ಮುಟ್ಟದೆ ಜಾರುತ್ತದೆ, ಸಾಣೆಕಲ್ಲಿಗೆ ಉಜ್ಜಿ ಹದ ಮಾಡಬೇಕು. ಅವರು ತರಿಸಿದ ಸ್ವಿಟ್ಜರ್‌ಲ್ಯಾಂಡಿನ ಬರ್ಜಾನ್ ಸ್ಕ್ರೂಡ್ರೈವರ್ ಬರುವವರೆಗೆ ಮೂರು ವಾರ ನಾನು ವಾಚನ್ನು ಬಳೆಯಂತೆ ಆಡಿಸಿಕೊಂಡು ಓಡಾಡಿದೆ.

ಅದು ಬಂದ ಭಾನುವಾರ ಷಡ್ಡಕರು ಊಟದ ಮೇಜಿಗೆ ಬಿಳಿ ಟವೆಲ್ ಹಾಸಿದರು, ಫ್ಯಾನ್ ಆರಿಸಿದರು. ಸ್ಕ್ರೂಗೆ ಹಾಕಿರುವ ಅಂಟು ಬಿಸಿಗೆ ಮೆತ್ತಗಾಗಲೆಂದು ನನ್ನವಳ ಹೇರ್ ಡ್ರೈಯರ್ ಬಂತು. ತಿರುಗಿಸಿದರೆ ಆಚೆ ತುದಿಯ ತಲೆಯೂ ಜೊತೆಗೇ ತಿರುಗುತ್ತಿದೆ! ಅದನ್ನು ಇನ್ನೊಂದು ಸ್ಕ್ರೂಡ್ರೈವರಿನಲ್ಲಿ ಹಿಡಿಯುವ ಕೆಲಸ ನನ್ನದು. ನನ್ನ ಕೈ ನಡುಗಿತು. ಟಿಣ್ ಎಂದಿತು. ಸ್ಕ್ರೂ ಇಲ್ಲ.

ನಾನು ಫ್ರಿಜ್ಜಿನ ಮೇಲಿದ್ದ ಅಯಸ್ಕಾಂತ ಕಿತ್ತು ತಂದೆ. ಸೋಫಾದ ಅಡಿಯಿಂದ ಷಡ್ಡಕರ ದನಿ, ಆ ಸ್ಥಿತಿಯಲ್ಲೂ ಹೆಮ್ಮೆಯಿಂದ: "316ಎಲ್ ಸ್ಟೀಲು ಸ್ವಾಮಿ, ಅದಕ್ಕೆಲ್ಲ ಅಂಟಲ್ಲ." ಆಮೇಲೆ ಟಾರ್ಚನ್ನು ನೆಲಕ್ಕೆ ಮಲಗಿಸಿ ಬೆಳಕು ಬಿಟ್ಟರು. ಚಿಕ್ಕ ವಸ್ತುವಿಗೂ ಉದ್ದ ನೆರಳು ಬೀಳುತ್ತದಂತೆ. ಬಿತ್ತು, ನಮ್ಮ ಮನೆಯ ಧೂಳಿನ ಕಣಕಣಕ್ಕೂ. ಆವತ್ತು ನನ್ನವಳು ಅವರಿಗೆ ಎರಡನೇ ಕಾಫಿ ಕೊಡಲಿಲ್ಲ. ಕೊನೆಗೆ ಸ್ಕ್ರೂ ಸಿಕ್ಕಿದ್ದು ಅವರದೇ ಪಂಚೆಯ ಮಡಿಕೆಯಲ್ಲಿ.

ಆದರೂ ಒಪ್ಪಬೇಕು, ಕೊಂಡಿಗಳ ಮೇಲೆ ಕೂದಲೆಳೆಯಷ್ಟೂ ಗೀರಿಲ್ಲ. ನಮ್ಮ ಮಿಕ್ಸಿ, ಕುಕ್ಕರ್ ಹಿಡಿ, ಸ್ವಿಚ್‌ಬೋರ್ಡು, ಎಲ್ಲದರ ಸ್ಕ್ರೂ ತಲೆಯೂ ನುಣ್ಣಗಾಗಿದೆ. ಎಲ್ಲಕ್ಕೂ ನನ್ನದು ಒಂದೇ ಟೂಲು, ತರಕಾರಿ ಚಾಕು.

ಸಾಮಾನು ಎತ್ತಿಡುವಾಗ ಅವರ ಟೂಲು ಪೆಟ್ಟಿಗೆಯ ತಳದಲ್ಲಿ ಕರವಸ್ತ್ರ ಸುತ್ತಿದ ಗಂಟೊಂದು ಕಂಡಿತು. ಒಳಗೆ ಎಚ್‌ಎಂಟಿ ಜನತಾ ವಾಚು. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಬೆಂಗಳೂರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಅವರ ತಂದೆ ಕೆಲಸಕ್ಕಿದ್ದರು. ವಾಚು ನಾಲ್ಕೂ ಇಪ್ಪತ್ತಕ್ಕೆ ನಿಂತಿತ್ತು.

"ಇದನ್ನ ಬಿಚ್ಚಿ ನೋಡಿಲ್ವಾ ಭಾವ?"

"ಇದಕ್ಕೆ ಸರಿಯಾದ ಟೂಲು ಇನ್ನೂ ಸಿಕ್ಕಿಲ್ಲ."

ಅದರ ಬೆನ್ನಿಗೆ ಒಂದು ಸ್ಕ್ರೂ ಕೂಡ ಇರಲಿಲ್ಲ. ಒತ್ತಿ ಕೂರಿಸಿದ ಮುಚ್ಚಳ, ನನ್ನ ತರಕಾರಿ ಚಾಕುವೇ ಸಾಕು. ಬಾಯಿ ಬಿಡಲಿಲ್ಲ. ಅವರು ಕರವಸ್ತ್ರವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ, ಪೆಟ್ಟಿಗೆ ಮುಚ್ಚಿದರು.

ಈಗ ನನ್ನ ವಾಚು ಬಿಗಿ. ಮಧ್ಯಾಹ್ನದ ಊಟವಾದ ಮೇಲೆ ಮಣಿಕಟ್ಟಿನಲ್ಲಿ ಅಚ್ಚು ಬೀಳುತ್ತದೆ. ತೆಗೆದ ಎರಡರಲ್ಲಿ ಒಂದು ಕೊಂಡಿ ವಾಪಸ್ ಹಾಕಬೇಕು. ಹೇಳಿದರೆ ಮುಂದಿನ ಭಾನುವಾರವೇ ಬರುತ್ತಾರೆ. ನನ್ನವಳ ಮುಖ ನೋಡಿ ಸುಮ್ಮನಿದ್ದೇನೆ.