ಹಗುರ ಮೂಷಿಕ ಮೀಮಾಂಸೆ: ಗಣಿನಾಡಿನ ಒಂದು ಮಹಾಪ್ರಬಂಧದ ಸಂಗ್ರಹ

1. ಪ್ರತಿಜ್ಞೆ

ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯನ್ನು ಪಂಡಿತರು ಇದುವರೆಗೆ ವ್ಯರ್ಥಶ್ರಮದ ನಿದರ್ಶನವಾಗಿ ಹೇಳಿಕೊಂಡು ಬಂದಿದ್ದಾರೆ. ಅವರಲ್ಲಿ ಒಬ್ಬರೂ ಸಂಡೂರು ತಾಲ್ಲೂಕಿನವರಲ್ಲ ಎಂಬುದು ಇದರಿಂದಲೇ ಸಿದ್ಧ. ಇಲ್ಲಿ ಬೆಟ್ಟ ಅಗೆಯುವುದು ಅಪ್ಪಂದಿರ ಉದ್ಯೋಗ, ಇಲಿ ಹಿಡಿಯುವುದು ಮಕ್ಕಳ ಉದ್ಯೋಗ. ಎರಡಕ್ಕೂ ಬ್ಯಾಂಕಿನವರು ಸಾಲ ಕೊಡುತ್ತಾರೆ.

ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಇರಲೇಬೇಕು. ವಿಷಯ: ಕಂಪ್ಯೂಟರ್ ಆಟಕ್ಕೆ ಬಳಸುವ ಹಗುರ ಮೌಸ್ ಮತ್ತು ಅದನ್ನು ಬಳಸಿದವರ ಅನುಭವ. ಪ್ರಯೋಜನ: ಇಲ್ಲ. ಸಂಬಂಧ: ಮೌಸಿಗೂ ಅಪ್ಪನ ಪಾಸ್‌ಬುಕ್ಕಿಗೂ. ಅಧಿಕಾರಿ, ಅಂದರೆ ಓದಲು ಅರ್ಹನಾದವನು: ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದವನು.

2. ಕ್ಷೇತ್ರ ಪರಿಚಯ

ಯಶವಂತನಗರ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಊರು. ಹೊಸಪೇಟೆ ಕಡೆಯಿಂದ ಸ್ವಾಮಿಹಳ್ಳಿಗೆ ಹೋಗುವ ರೈಲುಹಳಿಯ ಮೇಲೆ ಅದಕ್ಕೊಂದು ನಿಲ್ದಾಣವಿದೆ. ಆ ಹಳಿಯ ಮೇಲೆ ಮನುಷ್ಯರಿಗಿಂತ ಅದಿರಿನ ಓಡಾಟವೇ ಜಾಸ್ತಿ. ಒಂದು ವ್ಯಾಗನ್ನು ಸುಮಾರು 60 ಟನ್ ಹೊರುತ್ತದೆ. ಒಂದು ಹಗುರ ಮೌಸಿನ ತೂಕ ಸುಮಾರು 60 ಗ್ರಾಂ, ಅಂದರೆ ಒಂದು ಕೋಳಿಮೊಟ್ಟೆಯಷ್ಟು. ಭಾಗಿಸಿದರೆ ವ್ಯಾಗನ್ ಒಂದಕ್ಕೆ 10 ಲಕ್ಷ ಮೌಸ್. ಈ ಲೆಕ್ಕವನ್ನು ಪ್ರಬಂಧಕಾರನು ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತವರಿಗೆ ಹೇಳಿದಾಗ, ಅವರು ಕೇಳಿದ ಪ್ರಶ್ನೆ ಒಂದೇ: “ಪರ್ಮಿಟ್ ಐತೇನು?”

ತೂಕದ ವಿಚಾರದಲ್ಲಿ ಈ ಸೀಮೆಗೆ ಪರಂಪರೆ ದೊಡ್ಡದು. ಹಂಪಿಯ ವಿಠ್ಠಲ ದೇವಾಲಯದ ಸಮೀಪ ರಾಜರ ತುಲಾಭಾರದ ಕಲ್ಲುಕಂಬಗಳು ಇಂದಿಗೂ ನಿಂತಿವೆ, ಎತ್ತರ ಸುಮಾರು 15 ಅಡಿ. ಹಬ್ಬಹರಿದಿನಗಳಲ್ಲಿ ಅರಸನನ್ನು ಒಂದು ತಟ್ಟೆಯಲ್ಲಿ, ಚಿನ್ನ ರತ್ನಗಳನ್ನು ಇನ್ನೊಂದರಲ್ಲಿ ಇಟ್ಟು ತೂಗಿ ದಾನ ಮಾಡುತ್ತಿದ್ದರೆಂದು ಹೇಳುತ್ತಾರೆ. ದಾನ ಪಡೆಯುವವರೆಲ್ಲ ಅರಸ ಹಿಂದಿನ ರಾತ್ರಿ ಚೆನ್ನಾಗಿ ಊಟ ಮಾಡಲೆಂದು ಹರಸಿರಬೇಕು. ಭಾರವೇ ಭಾಗ್ಯವೆಂದು ನಂಬಿದ ಇಂಥ ನೆಲಕ್ಕೆ, ಹಗುರವಾದಷ್ಟೂ ಬೆಲೆ ಏರುವ ವಸ್ತುವೊಂದು ಕೊರಿಯರ್ ಡಬ್ಬದಲ್ಲಿ ಬಂದಿಳಿದದ್ದು ಚರಿತ್ರೆಯ ದೊಡ್ಡ ಪಲ್ಲಟವೆಂದು ನಮ್ಮ ಮತ.

3. ಲಕ್ಷಣ ಮತ್ತು ಪೂರ್ವೇತಿಹಾಸ

ಮೂಷಿಕದ ಆದಿಪುರುಷ ಡಗ್ಲಸ್ ಎಂಗಲ್‌ಬಾರ್ಟ್. 1964ರ ಹೊತ್ತಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಅವನ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಮೊದಲ ಮೌಸನ್ನು ಕಟ್ಟಿದ. ಮೈ ಮರದ್ದು, ಅಡಿಯಲ್ಲಿ ಎರಡು ಗಾಲಿ, ಮೇಲೊಂದು ಗುಂಡಿ. 1968ರ ಡಿಸೆಂಬರ್ 9ರಂದು ಅದನ್ನು ಸಭೆಯ ಮುಂದೆ ಓಡಿಸಿ ತೋರಿಸಿದಾಗ ಅದರ ತೂಕವೆಷ್ಟೆಂದು ಯಾರೂ ಕೇಳಲಿಲ್ಲ. ಅದು ಕೃತಯುಗ.

ತ್ರೇತಾಯುಗದಲ್ಲಿ ಭಾರವೇ ಗೌರವ. ಲಾಜಿಟೆಕ್‌ನ ಜಿ502 ಎಂಬ ಪ್ರಸಿದ್ಧ ಮೂಷಿಕ 121 ಗ್ರಾಂ ತೂಗುತ್ತಿತ್ತು. ಅದೂ ಸಾಲದೆನ್ನುವವರಿಗೆ ತಲಾ 3.6 ಗ್ರಾಮಿನ ಐದು ಪುಟ್ಟ ತೂಕದ ಬಿಲ್ಲೆಗಳನ್ನು ಡಬ್ಬದಲ್ಲೇ ಇಟ್ಟು ಕೊಡುತ್ತಿದ್ದರು. ಭಕ್ತರು ಹೊಟ್ಟೆಯ ಮುಚ್ಚಳ ತೆಗೆದು ಬಿಲ್ಲೆ ತುಂಬಿ ಧನ್ಯರಾದರು.

ದ್ವಾಪರದಲ್ಲಿ ಮತ ತಿರುಗಿತು. 2019ರ ಸುಮಾರಿಗೆ ಮೌಸಿನ ಬೆನ್ನಿಗೆ ಜೇನುಗೂಡಿನಂತೆ ತೂತು ಕೊರೆಯುವ ಸಂಪ್ರದಾಯ ಹಬ್ಬಿತು. ಆ ವರ್ಷ ಬಂದ ಗ್ಲೋರಿಯಸ್ ಮಾಡೆಲ್ ಓ 67 ಗ್ರಾಂ, ಫೈನಲ್‌ಮೌಸಿನ ಕೇಪ್‌ಟೌನ್ ಎಂಬುದು 47 ಗ್ರಾಂ. ಮರುವರ್ಷ ಲಾಜಿಟೆಕ್ ತೂತಿಲ್ಲದೆಯೇ, ವೈರೂ ಇಲ್ಲದೆ, 63 ಗ್ರಾಮಿಗಿಂತ ಕಡಿಮೆ ತೂಗುವ ಸೂಪರ್‌ಲೈಟನ್ನು ಇಳಿಸಿತು. ಕಲಿಯುಗ ಪ್ರವೇಶಿಸಿದ್ದು 2023ರಲ್ಲಿ. ರೇಜರ್‌ನವರು ಮೆಗ್ನೀಸಿಯಂ ಮಿಶ್ರಲೋಹದ 49 ಗ್ರಾಮಿನ ಮೌಸಿಗೆ 280 ಡಾಲರ್ ಬೆಲೆ ಕಟ್ಟಿದರು. ತೂಕಕ್ಕೆ ತೂಕ ನೋಡಿದರೆ ಬೆಳ್ಳಿ ಅದರ ಮುಂದೆ ಬಡವ. ಮೆಗ್ನೀಸಿಯಂ ಪ್ಲಾಸ್ಟಿಕ್ಕಿಗಿಂತ ಭಾರದ ಪದಾರ್ಥ. ಆದರೂ ಮೌಸ್ ಹಗುರವಾದದ್ದು ಲೋಹವನ್ನು ಕಡ್ಡಿಕಡ್ಡಿಯಾಗಿ ಮಾಡಿ ನಡುವೆ ಏನೂ ಇಲ್ಲದಂತೆ ಬಿಟ್ಟದ್ದರಿಂದ. ಅಂದರೆ ಗಿರಾಕಿಯು ಹಣ ತೆತ್ತದ್ದು ಇದ್ದುದಕ್ಕಲ್ಲ, ಇಲ್ಲದ್ದಕ್ಕೆ. ಶೂನ್ಯವಾದಿಗಳು ಗಮನಿಸಬೇಕು.

4. ಪೂರ್ವಪಕ್ಷ: ಅನುಭವಿಗಳ ವಚನ

ಮೊದಲ ಅನುಭವಿ ಲಾರಿ ಮಾಲೀಕರೊಬ್ಬರ ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆಂದು ಮನೆಯವರ ನಂಬಿಕೆ. ವ್ಯಾಲೊರಂಟ್ ಎಂಬ ಗುಂಡು ಹಾರಿಸುವ ಆಟ ಆಡುತ್ತಾನೆಂಬುದು ಪ್ರತ್ಯಕ್ಷ. ಅವನ ವಾದ ಹೀಗೆ: ಗುರಿಯಿಡುವ ಆಟಗಾರರು ಮೌಸಿನ ಸೂಕ್ಷ್ಮತೆಯನ್ನು ಕಡಿಮೆ ಇಟ್ಟುಕೊಳ್ಳುತ್ತಾರೆ. ಆಗ ತೆರೆಯ ಮೇಲೆ ಹಿಂದಕ್ಕೆ ತಿರುಗಬೇಕೆಂದರೆ ಮೌಸನ್ನು ಮೇಜಿನುದ್ದಕ್ಕೂ ಎಳೆಯಬೇಕು, ಅಂಚು ಬಂದಾಗ ಎತ್ತಿ ಮತ್ತೆ ಮೊದಲಿನ ಜಾಗಕ್ಕೆ ಇಡಬೇಕು. ರಾತ್ರಿಯಿಡೀ ಎಳೆದು, ಎತ್ತಿ, ಇಟ್ಟರೆ ಮಣಿಕಟ್ಟು ಸೋಲುತ್ತದೆ. ದ್ರವ್ಯರಾಶಿ ಕಡಿಮೆಯಾದರೆ ಹೊರಡಿಸಲೂ ನಿಲ್ಲಿಸಲೂ ಬೇಕಾದ ಬಲ ಕಡಿಮೆ. ಇದು ನ್ಯೂಟನ್ನನ ಎರಡನೇ ನಿಯಮ. ಸೆಮಿಸ್ಟರಿನಲ್ಲಿ ಅವನಿಗೆ ನೆನಪಿರುವ ನಿಯಮವೂ ಇದೊಂದೇ.

ತಂದೆ ಮೌಸನ್ನು ಅಂಗೈಯಲ್ಲಿಟ್ಟು ಎರಡು ಸಲ ತೂಗಾಡಿಸಿ ನೋಡಿದರು.

“ಎಷ್ಟು ಕೊಟ್ಟೀಯಲೇ ತಮ್ಮಾ?”

“ಹನ್ನೊಂದು ಸಾವಿರ, ಅಪ್ಪಾಜಿ. ಭಾಳ ಹಗುರ ಐತಿ.”

“ತೂಕ ಕಡಿಮಿ ಬಂದಿದ್ದಕ್ಕ ರೊಕ್ಕ ಜಾಸ್ತಿ ಕೊಟ್ಟು ಬಂದೀಯೇನು? ನಮ್ಮ ಲಾರಿ ತೂಕ ಕಡಿಮಿ ಬಂದ್ರ ಬಾಡಿಗಿ ಮುರ್ಕೊಂತಾರ!”

ಈ ಪ್ರಶ್ನೆಗೆ ಪೂರ್ವಪಕ್ಷದಲ್ಲಿ ಉತ್ತರವಿಲ್ಲ. ಹಾಗೆಯೇ ಮುಂದೆ ಹೋಗೋಣ.

ಎರಡನೆಯ ಅನುಭವಿ ಪಹಣಿ, ಜಾತಿ ಪ್ರಮಾಣಪತ್ರಗಳ ಅರ್ಜಿ ತುಂಬಿಕೊಡುವ ಆನ್‌ಲೈನ್ ಸೆಂಟರಿನವರು. ಅವರ ಮೌಸ್ ಮುನ್ನೂರು ರೂಪಾಯಿಯದು, ಎಡಗುಂಡಿಯ ಮೇಲಿನ ಬಣ್ಣ ಬೆರಳಿನ ಆಕಾರದಲ್ಲಿ ಅಳಿಸಿದೆ. ಹಗುರ ಮೌಸನ್ನು ಒಂದು ಮಧ್ಯಾಹ್ನ ಬಳಸಿ ಅವರು ಕೊಟ್ಟ ತೀರ್ಪು: “ಸರ್ವರ್ ಬಿಜಿ ಅಂತ ತೋರ್ಸೋದು ಇದ್ರಾಗೂ ಅಷ್ಟೇ ಹೊತ್ತು ತೋರಸ್ತೈತಿ.”

5. ಹಿಡಿತತ್ರಯ ವಿಚಾರ

ಮೌಸ್ ಹಿಡಿಯುವ ಕ್ರಮ ಮೂರು. ಇಡೀ ಅಂಗೈಯನ್ನು ಬೆನ್ನಿನ ಮೇಲೆ ಹಾಸಿ ಕೈಗೂ ಮೌಸಿಗೂ ಭೇದವೇ ಇಲ್ಲವೆನ್ನುವುದು ಅದ್ವೈತ. ಅಂಗೈಯ ಬುಡ ಮಾತ್ರ ತಾಗಿಸಿ ಬೆರಳುಗಳನ್ನು ಪಂಜದಂತೆ ಬಾಗಿಸಿ ಹಿಡಿಯುವುದು ವಿಶಿಷ್ಟಾದ್ವೈತ. ಬೆರಳತುದಿಯಿಂದಷ್ಟೇ ಮುಟ್ಟಿ, ಅಂಗೈಗೂ ಮೌಸಿಗೂ ನಿತ್ಯಭೇದ ಕಾಯ್ದುಕೊಳ್ಳುವುದು ದ್ವೈತ. ಹಗುರ ಮೌಸಿನ ಪೂರ್ಣ ಫಲ ದ್ವೈತಿಗಳಿಗೇ, ಏಕೆಂದರೆ ಅಷ್ಟೂ ಭಾರವನ್ನು ಬೆರಳೇ ಹೊರಬೇಕು. ದ್ವೈತಮತದ ವ್ಯಾಸರಾಯರ ಬೃಂದಾವನ ಆನೆಗೊಂದಿಯ ನವಬೃಂದಾವನದಲ್ಲಿರುವ ಈ ಸೀಮೆಯಲ್ಲಿ ಇದು ಆಶ್ಚರ್ಯವಲ್ಲ. ಆದರೂ ನಾವು ಕಂಡ ಹುಡುಗರು ಸಂಜೆ ದ್ವೈತಿಗಳಾಗಿ ಕೂತು, ನಡುರಾತ್ರಿ ದಾಟುವಾಗ ಅದ್ವೈತಕ್ಕೆ ಜಾರಿ, ಕೊನೆಗೆ ಮೌಸಿನ ಮೇಲೆ ಕೈಯಿಟ್ಟೇ ನಿದ್ದೆ ಹೋಗುತ್ತಾರೆ.

6. ಪ್ರಮಾಣ ವಿಚಾರ

ಹಗುರ ಮೌಸಿನಿಂದ ಆಟ ಗೆಲ್ಲಬಹುದೇ? ಡಬ್ಬದ ಮೇಲಿನ ಶಬ್ದಪ್ರಮಾಣ ಗೆಲ್ಲಬಹುದು ಎನ್ನುತ್ತದೆ, ತೂಕದ ಜೊತೆಗೆ ವೇಗದ ಲೆಕ್ಕವನ್ನೂ ಕೊಡುತ್ತದೆ. ಸಾಮಾನ್ಯ ಆಟದ ಮೌಸ್ ಸೆಕೆಂಡಿಗೆ 1000 ಸಲ ತನ್ನ ಚಲನೆಯನ್ನು ಕಂಪ್ಯೂಟರಿಗೆ ವರದಿ ಮಾಡುತ್ತದೆ, ಹೊಸವು 8000 ಸಲ. ಅಂದರೆ ವರದಿಯಿಂದ ವರದಿಗೆ ಒಂದು ಮಿಲಿಸೆಕೆಂಡ್ ಹಿಡಿಯುತ್ತಿದ್ದುದು 0.125ಕ್ಕೆ ಇಳಿಯಿತು. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯನ ಬೆರಳು ಸ್ಪಂದಿಸಲು ಸುಮಾರು 200 ಮಿಲಿಸೆಕೆಂಡ್ ಬೇಕು. ಸಂಡೂರಿನ ಗುಂಡು ಮುಂಬೈಯ ಸರ್ವರಿಗೆ ಹೋಗಿ ಬರಲು ಹತ್ತಾರು ಮಿಲಿಸೆಕೆಂಡ್ ಬೇಕು. ನಡುವೆ ಕರೆಂಟು ಹೋದರೆ ಅದು ಬರುವವರೆಗೆ ಬೇಕು. ಒಂದು ಮಿಲಿಸೆಕೆಂಡೂ ತುಂಬದ ಉಳಿತಾಯವನ್ನು ಈ ಮಹಾಸಾಗರದಲ್ಲಿ ಎಲ್ಲಿ ಹುಡುಕುವುದು?

ಪ್ರತ್ಯಕ್ಷಪ್ರಮಾಣಕ್ಕಾಗಿ ಪ್ರಬಂಧಕಾರನು ಲಾರಿ ಮಾಲೀಕರ ಮಗನ ಬೆನ್ನ ಹಿಂದೆ ಕೂತು ನೋಡಿದನು. ಹುಡುಗ ಹಳೆಯ ಭಾರದ ಮೌಸಿನಲ್ಲಿ ಸೋತಾಗ “ಮೌಸ್ ಭಾರ” ಎಂದನು. ಹಗುರ ಮೌಸಿನಲ್ಲಿ ಸೋತಾಗ “ಹಗುರ ಜಾಸ್ತಿ ಆತು, ಗುರಿ ದಾಟಿ ಹೋಗ್ತೈತಿ” ಎಂದನು. ಮೂರನೆಯ ಸಲ ಮೌಸಿನ ಅಡಿಯ ಜಾರುಪಟ್ಟಿ ಸವೆದಿದೆ ಎಂದನು. ಕುಣಿಯಲಾರದವಳು ನೆಲ ಡೊಂಕು ಅಂದಳೆಂದು ಅಜ್ಜಿ ಒಳಗಿನಿಂದ ಅಂದದ್ದನ್ನು ಆಪ್ತವಾಕ್ಯವೆಂದು ಸ್ವೀಕರಿಸಲಾಗಿದೆ. ಆದರೂ ನ್ಯಾಯಕ್ಕಾಗಿ ಹೇಳಬೇಕು: ಮಣಿಕಟ್ಟಿನ ನೋವು ಕಡಿಮೆಯಾದದ್ದು ನಿಜ. ಸೋಲು ಹಾಗೇ ಇದೆ, ಸೋಲುವ ಶ್ರಮ ಕಡಿಮೆಯಾಗಿದೆ.

7. ಧೂಳಿ ಪ್ರಕರಣ

ಇಲ್ಲಿಂದ ಮುಂದಿನ ಸಂಶೋಧನೆ ಕ್ಷೇತ್ರಕ್ಕೇ ವಿಶಿಷ್ಟ. ತೂತಿನ ಮೌಸನ್ನು ಕಲ್ಪಿಸಿದವರ ಊರಿನಲ್ಲಿ ಅದಿರಿನ ಲಾರಿ ಓಡುವುದಿಲ್ಲ. ಇಲ್ಲಿ ಕಿಟಕಿ ಮುಚ್ಚಿದ್ದರೂ ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು. ಹುಡುಗ ಬಿಳಿಯದೆಂದು ತರಿಸಿದ ತೂತಿನ ಮೌಸು ಮಳೆಗಾಲದ ಹೊತ್ತಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಒಂದೊಂದು ತೂತಿನ ಅಂಚಿಗೂ ಕುಂಕುಮ ಹಚ್ಚಿದಂಥ ಕೆಂಪು ಗೆರೆ. ನಡುವಿನ ಗಾಲಿ ತಿರುಗಿಸಿದರೆ ಸಣ್ಣಗೆ ಕರಕರ. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತಾಗುವ ದ್ವಿರುಕ್ತಿದೋಷವೂ ಕಾಣಿಸಿಕೊಂಡಿತು. ಹುಡುಗ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ತೂತು ತೂತಿಗೂ ಕೈಹಾಕಿ ಉಜ್ಜುತ್ತಿದ್ದ. ಅಷ್ಟು ಶ್ರದ್ಧೆಯಿಂದ ಅವನು ತನ್ನ ಹಲ್ಲನ್ನು ಉಜ್ಜಿದ್ದನ್ನು ತಾನು ಕಂಡಿಲ್ಲವೆಂದು ತಾಯಿ ಸಾಕ್ಷಿ ಹೇಳಿದ್ದಾರೆ.

ಇದರಿಂದ ನಮಗೊಂದು ಮಹಾಸಿದ್ಧಾಂತ ಹೊಳೆಯಿತು. ಇಲ್ಲಿನ ಧೂಳು ಬರೀ ಮಣ್ಣಲ್ಲ, ಹೆಮಟೈಟ್. ನೀರಿಗಿಂತ ಐದು ಪಟ್ಟಿಗೂ ಹೆಚ್ಚು ಸಾಂದ್ರ. ಪ್ಲಾಸ್ಟಿಕ್ ಕೊರೆದು ತೆಗೆದ ಜಾಗಕ್ಕೆ ಅದಿರು ಬಂದು ಕೂತರೆ ಮೌಸ್ ದಿನದಿಂದ ದಿನಕ್ಕೆ ಭಾರವಾಗಲೇಬೇಕು! ಲಘಿಮಾ ಸಿದ್ಧಿಗೆಂದು ಹೊರಟ ವಸ್ತು ಯಶವಂತನಗರದಲ್ಲಿ ಗರಿಮಾ ಸಿದ್ಧಿ ಪಡೆಯುತ್ತದೆಂದು ಜಗತ್ತಿಗೆ ಸಾರಲು ಸಿದ್ಧತೆ ನಡೆಯಿತು.

ಸಾಕ್ಷಿಗೆ ಮೌಸನ್ನು ಮೊದಲು ಲಾರಿ ತೂಗುವ ವೇಬ್ರಿಡ್ಜಿಗೆ ಒಯ್ದೆವು. ಅಲ್ಲಿನ ಕ್ಲರ್ಕು ತಟ್ಟೆಯ ಮೇಲಿನ ಮೌಸನ್ನೂ ನಮ್ಮನ್ನೂ ನೋಡಿ ಸೊನ್ನೆ ಬರೆದ ಚೀಟಿ ಹರಿದುಕೊಟ್ಟ. ಹತ್ತು ಕೆಜಿಯ ಒಳಗಿನದು ಆ ಯಂತ್ರಕ್ಕೆ ಕಾಣುವುದೇ ಇಲ್ಲ. ಆಮೇಲೆ ಸಂಡೂರಿನ ಬಂಗಾರದಂಗಡಿಗೆ ಹೋಗಿ, ಉಜ್ಜುವ ಮೊದಲೊಮ್ಮೆ, ಉಜ್ಜಿದ ಮೇಲೊಮ್ಮೆ ತೂಗಿಸಿದೆವು. ವ್ಯತ್ಯಾಸ ಒಂದು ಗ್ರಾಮಿಗೂ ಕಡಿಮೆ. ಮಹಾಸಿದ್ಧಾಂತ ಅಲ್ಲಿಯೇ ಬಿತ್ತು. ಅಂಗಡಿಯವರು ಮಾತ್ರ ಬೆಲೆ ಕೇಳಿ, ಮೌಸನ್ನು ತಿರುಗಿಸಿ ಮುರುಗಿಸಿ ನೋಡಿ, ಶಾಸ್ತ್ರಕ್ಕೆ ಬೇಕಾದ ಸೂತ್ರವನ್ನು ಪುಕ್ಕಟೆಯಾಗಿ ಕೊಟ್ಟರು: “ಮಾಲಿಲ್ಲ ಸರ್ ಇದ್ರಾಗ. ಬರೇ ಕೂಲಿ, ವೇಸ್ಟೇಜು.”

8. ಸಿದ್ಧಾಂತ

ಈ ಸೂತ್ರದ ಮೇಲೆ ನಮ್ಮ ಭಾಷ್ಯ ನಿಂತಿದೆ. ಒಂದು ಟನ್ ಕಬ್ಬಿಣದ ಅದಿರಿಗೆ ಸಿಗುವುದು ಕೆಲವು ಸಾವಿರ ರೂಪಾಯಿ. ಹನ್ನೊಂದು ಸಾವಿರದ ಮೌಸಿಗೆ ಹೆಚ್ಚುಕಡಿಮೆ ಎರಡು ಟನ್ ಗುಡ್ಡ ಬೇಕು. ಅಲ್ಲಿಗೆ ಬೆಟ್ಟ ಅಗೆದು ಇಲಿ ಹಿಡಿಯುವುದರ ವಿನಿಮಯ ದರ ಮೊದಲ ಬಾರಿಗೆ ಗೊತ್ತಾಯಿತು: ಒಂದು ಇಲಿಗೆ ಎರಡು ಟನ್.

ನಾವು ಮಾರುವುದು ತೂಕ, ಕೊಳ್ಳುವುದು ತೂಕವನ್ನು ತೆಗೆದುಹಾಕುವ ಕಸುಬನ್ನು. ಗುಡ್ಡವನ್ನು ಹಾಗೇ ಹೊತ್ತು ಕಳಿಸಿದವನಿಗೆ ಟನ್ನಿನ ಲೆಕ್ಕ, ಅದರಲ್ಲಿ ಎಲ್ಲಿ ತೂತು ಕೊರೆಯಬೇಕೆಂದು ಬಲ್ಲವನಿಗೆ ಗ್ರಾಮಿನ ಲೆಕ್ಕ. ಭಾರದ ಮೇಲೇ ಬದುಕು ಕಟ್ಟಿದ ಸೀಮೆ ಅದರ ರುಚಿಯನ್ನೂ ಕಂಡಿದೆ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಮಿತಿ ಮೀರಿ ತುಂಬಿದ ಲಾರಿಗಳ ಕಥೆಯನ್ನೂ ಹೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಸಾಲಾಗಿ ನಿಂತವು. ಖಾಲಿ ಲಾರಿ ಹಗುರ, ಕಂತು ಮಾತ್ರ ಭಾರ. ಹಗುರ ಎಂಬುದರ ಮೇಲೆ ಅಪ್ಪಂದಿರಿಗೆ ಇರುವ ಅನುಮಾನಕ್ಕೆ ಬೇರು ಇಲ್ಲಿದೆಯೆಂದು ನಮ್ಮ ಊಹೆ. ಅಪ್ಪ ಕೇಳಿದ್ದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ: ತೂಕ ಕಡಿಮೆಯಾದಾಗ ಬಾಡಿಗೆ ಮುರಿದುಕೊಳ್ಳುವುದು ಹೊರುವವನಿಗೆ, ಕೂಲಿ ಜಾಸ್ತಿ ಕೊಡುವುದು ಕೊರೆಯುವವನಿಗೆ.

9. ಮುಂದಿನ ಸಂಶೋಧನೆಗೆ ಅವಕಾಶ

ಪ್ರಬಂಧ ಮುಗಿಯಿತು ಅನ್ನುವಷ್ಟರಲ್ಲಿ ಹುಡುಗ ಹೊಸ ಬೇಡಿಕೆ ಇಟ್ಟಿದ್ದಾನೆ. ಹಗುರ ಮೌಸಿಗೆ ಜೋಡಿಯಾಗಿ ಅವನಿಗೆ ಕೀಬೋರ್ಡು ಬೇಕು. ಅದು ಅಲ್ಯೂಮಿನಿಯಂ ಮೈಯದಾಗಿರಬೇಕು, ಹೊಟ್ಟೆಯಲ್ಲಿ ಹಿತ್ತಾಳೆಯ ತೂಕವಿರಬೇಕು, ಎರಡು ಕೆಜಿ ಬಂದರೆ ಉತ್ತಮ. ಮೇಜಿನ ಮೇಲೆ ಅಲುಗಾಡಬಾರದಂತೆ. ಬಲಗೈಗೆ ಹಗುರ, ಎಡಗೈಗೆ ಭಾರ, ಎರಡಕ್ಕೂ ರೊಕ್ಕ ಜಾಸ್ತಿ ಎಂಬ ಈ ತತ್ವ ಯಾವ ದರ್ಶನಕ್ಕೂ ನಿಲುಕದ್ದು.

ಅಪ್ಪ ಮಾತ್ರ ಈ ಸಲ ರೇಗಲಿಲ್ಲ. “ಎರಡು ಕೆಜಿ ಅಂದೀ? ಹಿತ್ತಾಳಿ ಸೇರಿ?” ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು, ಮುಖ ಅರಳಿಸಿ ಜೇಬಿಗೆ ಕೈ ಹಾಕಿದರು. “ಇದಕ್ಕಾದ್ರ ಕೊಡಬೋದು ನೋಡು.”

10. ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿದ ಮಗನಿಗೆ ರ‍್ಯಾಂಕ್ ಏರದು, ಮಣಿಕಟ್ಟಿನ ನೋವು ಇಳಿದೀತು. ಓದಿಸಿ ಕೇಳಿದ ತಂದೆಗೆ ಹಣ ಮರಳಿ ಬರದು, ಎರಡು ಟನ್ ಎಲ್ಲಿ ಹೋಯಿತೆಂಬ ಲೆಕ್ಕ ಸಿಕ್ಕೀತು. ಇದನ್ನು ಪ್ರತಿಮಾಡಿ ಹಂಚಿದವರ ಮನೆಯ ಮೌಸು ಒಂದು ಸಲ ಒತ್ತಿದರೆ ಒಂದೇ ಸಲ ಒತ್ತುವುದು. ಓದದೆ ನಕ್ಕವರಿಗೆ, ಆಟದ ಕೊನೆಯ ಸುತ್ತಿನಲ್ಲಿ ಕರೆಂಟು ಹೋಗುವುದು.