ಕೆಂಪು ಪೆನ್ನಿನ ಕಾಯಕಯೋಗಿಗೆ ಅಭಿನಂದನೆ

ವೇದಿಕೆಯ ಮೇಲಿನ ಪೂಜ್ಯರೇ, ಪ್ರಾಚಾರ್ಯರೇ, ಸಮಾರಂಭದ ಕೊನೆಗೆ ಊಟ ಇದೆಯೆಂದು ಖಾತ್ರಿ ಮಾಡಿಕೊಂಡೇ ಬಂದಿರುವ ಬಸವನ ಬಾಗೇವಾಡಿಯ ಮಹಾಜನರೇ,

ಇಂದಿನ ಸನ್ಮಾನಿತರ ಹೆಸರನ್ನು ನಾನು ಹೇಳುವಂತಿಲ್ಲ. ಮೌಲ್ಯಮಾಪಕರ ಹೆಸರು ಗೌಪ್ಯ. ಆಮಂತ್ರಣ ಪತ್ರಿಕೆಯಲ್ಲೂ ಹೆಸರಿರಬೇಕಾದ ಜಾಗದಲ್ಲಿ ಕೋಡ್ ನಂಬರ್ ಹಾಕಿಸಿದ್ದೇವೆ. ಸರ್ ಯಾರೆಂದು ಊರಿಗೆಲ್ಲ ಗೊತ್ತು. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೇ ಪಾಲಕರೊಬ್ಬರು ಬೆನ್ನ ಹಿಂದೆ ನಿಂತು, "ಸರ, ನಮ್ಮ ಹುಡುಗಂದು ಪೇಪರ್ ಒಂದೀಟು ನೋಡ್ರಲಾ" ಅಂದರಂತೆ. ಆದರೂ ಗೌಪ್ಯ ಎಂದರೆ ಗೌಪ್ಯ.

ಸೆಮಿಸ್ಟರ್ ಮುಗಿದರೆ ಹುಡುಗರಿಗೆ ರಜೆ. ಸರ್‌ಗೆ ಇಂಟರ್ನಲ್ ಅಂಕ, ಅಸೈನ್‌ಮೆಂಟು, ಹಾಜರಾತಿ ಎಲ್ಲವನ್ನೂ ಪೋರ್ಟಲ್‌ಗೆ ಏರಿಸುವ ಕೆಲಸ. ಪೋರ್ಟಲ್ ಹಗಲೆಲ್ಲ ಮಲಗಿ ರಾತ್ರಿ ಏಳುತ್ತದೆ. ಸರ್ ಎರಡೂ ಹೊತ್ತು ಎದ್ದಿರುತ್ತಾರೆ. ಆಮೇಲೆ ಬೆಳಗಿನ ಮೊದಲ ಬಸ್ಸಿಗೆ ಮೌಲ್ಯಮಾಪನ ಕೇಂದ್ರ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂತು: ಪರೀಕ್ಷೆಗೆ 60, ಇಂಟರ್ನಲ್‌ಗೆ 40. 2024ರಲ್ಲಿ ರಾಜ್ಯ ಶಿಕ್ಷಣ ನೀತಿ, ಅಂದರೆ ಎಸ್‌ಇಪಿ ಬಂತು: 80, 20. ಹಳೆಯದು ಹೋಗಲಿಲ್ಲ, ರಿಪೀಟರ್‌ಗಳ ಜೊತೆ ಉಳಿಯಿತು. ಯಾವ ಬಂಡಲ್ ಎಷ್ಟರದು ಎಂದು ನೆನಪಿಡುವುದೇ ಒಂದು ಪೇಪರ್. ಅದನ್ನು ಸರ್ ಪ್ರತಿ ಸಲ ಬರೆದು ಪಾಸಾಗುತ್ತಾರೆ.

ನಮ್ಮ ಆಲಮಟ್ಟಿ ಜಲಾಶಯದ ನೀರು 519.60 ಮೀಟರ್‌ಗೆ ನಿಲ್ಲುತ್ತದೆ. ಅದರ ಮೇಲೆ ಏರಿಸಲು ನ್ಯಾಯಮಂಡಳಿ ಕೂರಬೇಕು, ಮೂರು ರಾಜ್ಯಗಳ ವಕೀಲರು ವರ್ಷಗಟ್ಟಲೆ ವಾದಿಸಬೇಕು. ಸರ್ ಮೇಜಿನ ಮೇಲಿನ ಬಂಡಲ್‌ಗಳ ಎತ್ತರ ಹೆಚ್ಚಿಸಲು ಒಬ್ಬ ಜವಾನ ಸಾಕು.

ಅವರ ಒಂದು ಸಾಧನೆಯನ್ನಂತೂ ಹೇಳಲೇಬೇಕು. ಸಮಾಜಶಾಸ್ತ್ರದ ಪೇಪರ್, ಪ್ರಶ್ನೆ ಪುನರ್ವಸತಿಯದು. ಸ್ಕೀಮಿನ ಪ್ರಕಾರ ಪೀಠಿಕೆಗೆ 2, ಲಕ್ಷಣಗಳಿಗೆ 6, ಉಪಸಂಹಾರಕ್ಕೆ 2. ಒಬ್ಬ ಹುಡುಗ ಮೂರನ್ನೂ ಬಿಟ್ಟು ತನ್ನ ಮನೆ ಕಥೆ ಬರೆದಿದ್ದ. ಹಿನ್ನೀರು ಬಂದಾಗ ಆಯಿ ಹಳೇ ಮನೆಯ ತೊಲೆ, ಬಾಗಿಲು ಎಲ್ಲ ಕೀಳಿಸಿ ಟ್ರ್ಯಾಕ್ಟರ್‌ಗೆ ಹೇರಿಸಿದಳು. ಹೊಸ ಮನೆಗೆ ಆ ಬಾಗಿಲಿನ ಚೌಕಟ್ಟು ಕೂರಲಿಲ್ಲ. ಈಗಲೂ ಅದು ದನದ ಕೊಟ್ಟಿಗೆಗೆ ಆನಿಸಿ ನಿಂತಿದೆ. ಸರ್ ಎರಡು ಸಲ ಓದಿ 6 ಹಾಕಿದರು. ರಿವ್ಯೂವರ್ ಬಂದು, "ಇದು ಯಾವ ಪಾಯಿಂಟಿಗೆ ಬರತೈತ್ರಿ?" ಎಂದರು. "ಲಕ್ಷಣಕ್ಕ ಬರತೈತ್ರಿ" ಎಂದರು ಸರ್. ಅಷ್ಟರಲ್ಲಿ ಪಕ್ಕದ ಮೇಜಿನವರು ಬಂಡಲ್ ಮುಗಿಸಿ ಚಹಾಕ್ಕೆ ಎದ್ದಿದ್ದರು. ಆ ದಿನ ಎಲ್ಲರಿಗಿಂತ ಹಿಂದೆ ಬಿದ್ದದ್ದಕ್ಕಾಗಿಯೇ ಈ ಶಾಲು.

ಅಂಕ ಕೊಟ್ಟರೂ ಮುಗಿಯಲಿಲ್ಲ. ಒಳಗಿನ ಅಂಕ, ಮುಖಪುಟದ ಮೊತ್ತ ತಾಳೆಯಾಗಬೇಕು. ಇದೇ ಊರಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣದ ದೊರೆ ಬಿಜ್ಜಳನ ಭಂಡಾರಿಯಾಗಿದ್ದಾಗ, ಬೊಕ್ಕಸ ಬರಿದು ಮಾಡಿದರೆಂದು ಆಸ್ಥಾನದವರು ದೂರಿದರಂತೆ; ಎಣಿಸಿ ನೋಡಿದರೆ ಒಂದು ಕಾಸೂ ಕಡಿಮೆ ಇರಲಿಲ್ಲವಂತೆ. ನಾಡಿನ ಮೊದಲ ರಿವ್ಯಾಲ್ಯುಯೇಷನ್ ಅದೇ ಇರಬೇಕು. ಎಂಟು ನೂರು ವರ್ಷದ ಆ ಪರಂಪರೆಯಲ್ಲಿ ಸರ್ ಕೂಡ ಲೆಕ್ಕ ಒಪ್ಪಿಸುತ್ತಲೇ ಇದ್ದಾರೆ. ಭತ್ಯೆಯ ಬಿಲ್ಲು ಮಾತ್ರ ಇನ್ನೂ ಕಲ್ಯಾಣದಿಂದ ಹೊರಟಿಲ್ಲ.

ಕೊನೆಯದಾಗಿ ಈ ಸಭೆ ಒಂದು ಠರಾವು ಮಂಡಿಸುತ್ತದೆ. ಆರು ತಿಂಗಳು ಕಲಿತದ್ದನ್ನು ಮೂರು ತಾಸು ಕೂತು ಬರೆದವರ ಪೇಪರನ್ನು ಓದಿ ತಿದ್ದುವಷ್ಟು ಹೊತ್ತನ್ನು ತಿದ್ದುವವರಿಗೆ ಕೊಡಬೇಕು. ಒಪ್ಪುವವರು ಕೈ ಎತ್ತಿ. ಸರ್, ನೀವು ಎತ್ತಬೇಡಿ. ಆ ಕೈಯಿಂದ ನಾಳೆ ಇನ್ನೊಂದು ಬಂಡಲ್ ಆಗಬೇಕಿದೆ.