ಸಹಿ ಆತು, ಸಹಿ ಇತ್ತೇನು?

(ಅಕ್ಕಲಕೋಟ ಬಸ್‌ ಸ್ಟ್ಯಾಂಡಿನ ಚಹಾದಂಗಡಿ. ಗಿರಣಿ ಕಾಕಾ, ಸೊಲ್ಲಾಪುರ ಕೋರ್ಟಿಗೆ ಹೊಂಟ ವಕೀಲ. ಬಸ್ಸು ಎಂದಿನಂತೆ ತಡ.)

ಕಾಕಾ: ವಕೀಲ್ರ, 1975ರಾಗ ಎಮರ್ಜೆನ್ಸಿ ಯಾಕ ಹಾಕಿದ್ರು?

ವಕೀಲ: ಆಂತರಿಕ ಗಲಭೆ ಅಂತ.

ಕಾಕಾ: ಶೇಂಗಾ ಚಟ್ನಿ ಜಾಸ್ತಿ ಆದ್ರ ನನಗೂ ಹಂಗ ಆಗತೈತಿ.

ವಕೀಲ: ಜೂನ್‌ 25ರ ರಾತ್ರಿ ರಾಷ್ಟ್ರಪತಿ ಸಹಿ ಆತು. ಮಂತ್ರಿಮಂಡಲಕ್ಕ ಮರುದಿನ ಮುಂಜಾನೆ ಗೊತ್ತಾತು.

ಕಾಕಾ: ಸಹಿ ಆತು ಖರೆ. ಸಹಿ ಇತ್ತೇನು?

ವಕೀಲ: ಜುಲೈದಾಗ ಸಂಸತ್ತು ಒಪ್ಪಿತಲ್ಲ!

ಕಾಕಾ: ಬ್ಯಾಡ ಅನ್ನೋ ಮಂದಿ?

ವಕೀಲ: ಎಷ್ಟೋ ಮಂದಿ ಜೈಲಿನಾಗಿದ್ರು.

ಕಾಕಾ: ಪಾಪ, ರಜಾ ಚೀಟಿನಾರ ಬರದಿದ್ರೋ ಇಲ್ಲೋ?

(ವಕೀಲರ ಬಿಸ್ಕೀಟು ಚಹಾದಾಗ ಮುರಿದು ತಳ ಸೇರಿತು.)

ವಕೀಲ: ಈಗ 44ನೇ ತಿದ್ದುಪಡಿ ಐತ್ರಿ. ಮಂತ್ರಿಮಂಡಲ ಬರದು ಕೊಡಬೇಕು. ತಿಂಗಳೊಳಗ ಎರಡೂ ಸದನ ಒಪ್ಪಬೇಕು, ಆರಾರು ತಿಂಗಳಿಗೆ ಮತ್ತ ಕೇಳಬೇಕು. ಲೋಕಸಭೆಯ ಹತ್ತರಾಗ ಒಂದು ಪಾಲು ಮಂದಿ ಬ್ಯಾಡಂತ ನೋಟಿಸು ಕೊಟ್ರ, 14 ದಿನದಾಗ ಸಭೆ!

ಕಾಕಾ: ಆ ಒಂದು ಪಾಲು ಹೊರಗಿರಬೇಕಲ್ಲ?

ವಕೀಲ: ...ಇರ್ತಾರ್ರಿ.

ಕಾಕಾ: 1930ರಾಗ ಬ್ರಿಟಿಷರು ನಮ್ಮ ಸೊಲ್ಲಾಪುರಕ್ಕ ಮಾರ್ಷಲ್‌ ಲಾ ಹಾಕಿದ್ರು. ಯಾರನ್ನೂ ಕೇಳಲಿಲ್ಲ, ಕೇಳೇವಿ ಅಂತ ಹೇಳಲೂ ಇಲ್ಲ.

ವಕೀಲ: ಬಸ್‌ ಬಂತು, ಬರ್ತೀನ್ರಿ!

ಕಾಕಾ: ಹತ್ರಿ, ಹತ್ರಿ. ಟಿಕೀಟು ಸೊಲ್ಲಾಪುರ ಮುಟ್ಟಿದ ಮ್ಯಾಲ ತಗೀರಿ. ಕಂಡಕ್ಟರ್ ಕೇಳಿದ್ರ, ದಿಲ್ಲಿ ಪದ್ಧತಿ ಅನ್ರಿ.